ತಗ್ಗಿಸಿದ ಮೋಟಾರೂ ದಾರಿ ತಪ್ಪುವ ಗಾಲಿಯೂ

ಮೋಟಾರು ಬಂಡಿಗೂ ಅದನ್ನು ನಡೆಯಿಸುವವನಿಗೂ ನಡುವೆ ಒಂದು ಒಪ್ಪಂದ ಉಂಟು. ಅವನು ಸ್ಟಿಯರಿಂಗ್ ಚಕ್ರವನ್ನು ತಿರುಗಿಸಿದರೆ ಮುಂದಿನ ಗಾಲಿಗಳು ತಿರುಗಬೇಕು. ತಿರುಗಿಸದಿದ್ದರೆ ಅವು ತಿರುಗಕೂಡದು. ಈ ಒಪ್ಪಂದದ ಮೊದಲನೆಯ ಭಾಗವನ್ನು ಎಲ್ಲರೂ ಬಲ್ಲರು. ಎರಡನೆಯ ಭಾಗವೂ ಅಷ್ಟೇ ಮುಖ್ಯವೆಂಬುದು ಅದು ಮುರಿದುಬಿದ್ದಾಗ ಮಾತ್ರ ಗೊತ್ತಾಗುವುದು. ಕೈ ಎಳ್ಳಷ್ಟೂ ಅಲುಗಿರುವುದಿಲ್ಲ. ಆದರೂ ರಸ್ತೆಯ ಒಂದು ಉಬ್ಬಿನ ಮೇಲೆ ಎಡಗಾಲಿ ಏರಿದೊಡನೆಯೇ ಬಂಡಿ ಒಂದು ಪಕ್ಕಕ್ಕೆ ಸೆಳೆಯುತ್ತದೆ. ಗಾಲಿ ಮೇಲಕ್ಕೂ ಕೆಳಕ್ಕೂ ಆಡುವಾಗ ತಾನಾಗಿಯೇ ಎಡಕ್ಕೋ ಬಲಕ್ಕೋ ತಿರುಗುವ ಈ ದೋಷಕ್ಕೆ ಇಂಜಿನಿಯರುಗಳು ‘ಬಂಪ್ ಸ್ಟಿಯರ್’ ಎಂದು ಹೆಸರಿಟ್ಟಿದ್ದಾರೆ. ನಾವು ಅದನ್ನು ‘ಉಬ್ಬಿನ ತಿರುವು’ ಎಂದು ಕರೆಯೋಣ. ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಮುಚ್ಚಟೆಯಿಂದ ಕಾಪಾಡಿಕೊಂಡು, ಅಂದಕ್ಕೋ ವೇಗಕ್ಕೋ ಅವುಗಳ ಮೈಯನ್ನು ನೆಲಕ್ಕೆ ತಗ್ಗಿಸುವವರಿಗೆ ಈ ದೋಷ ಮೇಲಿಂದ ಮೇಲೆ ಎದುರಾಗುತ್ತದೆ. ಇದು ಹುಟ್ಟುವುದು ಹೇಗೆ, ಇದನ್ನು ತಿದ್ದುವುದು ಹೇಗೆ ಎಂಬುದೇ ಈ ಭಾಷಣದ ವಿಷಯ.

ಮಾತು ಗಾಳಿಯಲ್ಲಿ ತೇಲಿಹೋಗದಂತೆ ಒಂದು ನಿಜವಾದ ಕಾರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಜಪಾನಿನ ನಿಸ್ಸಾನ್ ಕಂಪೆನಿಯವರು ೧೯೬೯ರಲ್ಲಿ ಹೊರತಂದ ಎರಡು ಆಸನಗಳ ಕಾರು ಅದು. ಹೊರನಾಡುಗಳಲ್ಲಿ ಅದಕ್ಕೆ ಡಾಟ್ಸನ್ ೨೪೦-ಜೆಡ್ ಎಂದು ಹೆಸರಾಯಿತು. ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳು, ೨೩೯೩ ಘನ ಸೆಂಟಿಮೀಟರಿನ ಇಂಜಿನು, ಮುಂದಿನ ಹಿಂದಿನ ಗಾಲಿಗಳ ನಡುವೆ ೨೩೦೫ ಮಿಲಿಮೀಟರ್ ಅಂತರ, ಹೆಚ್ಚುಕಡಮೆ ಒಂದು ಟನ್ನು ತೂಕ. ಈ ಪೀಳಿಗೆಯ ಕಾರುಗಳು ೧೯೭೮ರ ವರೆಗೆ ತಯಾರಾದುವು. ಅವುಗಳ ಸಂಖ್ಯೆ ಐದು ಲಕ್ಷವನ್ನು ಮೀರಿತು. ಈ ಕಾರಿನ ಕೀರ್ತಿಗೆ ಎರಡು ಮುಖಗಳಿವೆ. ಪೂರ್ವ ಆಫ್ರಿಕದ ಸಫಾರಿ ರಾಲಿಯಲ್ಲಿ, ಕೆಸರು ಧೂಳು ಗುಂಡಿಗಳ ಹಾದಿಯಲ್ಲಿ, ಇದು ೧೯೭೧ರಲ್ಲಿ ಗೆದ್ದಿತು. ೧೯೭೩ರಲ್ಲಿ ಉಗಾಂಡದಲ್ಲಿ ಹುಟ್ಟಿದ ಭಾರತೀಯ ಮೂಲದ ಶೇಖರ್ ಮೆಹ್ತಾ ಇದನ್ನು ನಡೆಯಿಸಿ ಮತ್ತೊಮ್ಮೆ ಗೆಲ್ಲಿಸಿದರು. ಅದೇ ಕಾಲದಲ್ಲಿ ಅಮೆರಿಕದ ನುಣುಪಾದ ಪಂದ್ಯದ ವರ್ತುಲಗಳಲ್ಲಿ ಪೀಟ್ ಬ್ರಾಕ್ ಅವರ ತಂಡದ ಜಾನ್ ಮಾರ್ಟನ್ ಇದೇ ಜಾತಿಯ ಕಾರಿನಿಂದ ೧೯೭೦ ಮತ್ತು ೧೯೭೧ರ ರಾಷ್ಟ್ರೀಯ ಪ್ರಶಸ್ತಿಗಳನ್ನು ಪಡೆದರು. ಗುಂಡಿಯ ಹಾದಿಗೆ ಗಾಲಿಗಳು ಧಾರಾಳವಾಗಿ ಆಡುವಷ್ಟು ಎತ್ತರ ಬೇಕು. ನುಣುಪಾದ ವರ್ತುಲಕ್ಕೆ ತಗ್ಗಾದ ಮೈ ಬೇಕು. ಎರಡನೆಯ ಕೀರ್ತಿಯನ್ನು ನೋಡಿ ಮರುಳಾದವರು ತಮ್ಮ ಕಾರನ್ನೂ ತಗ್ಗಿಸಲು ಹೊರಡುತ್ತಾರೆ. ಹೊರಡಬಾರದೆಂದು ನಾನು ಹೇಳುವುದಿಲ್ಲ. ತಗ್ಗಿಸಿದ ಮೇಲೆ ಮಾಡಬೇಕಾದ ಕೆಲಸವೊಂದಿದೆ ಎಂಬುದನ್ನಷ್ಟೇ ಹೇಳುತ್ತೇನೆ.

ಮೊದಲು ಮುಂದಿನ ಗಾಲಿಯನ್ನು ಹಿಡಿದಿರುವ ಅಂಗಗಳ ಪರಿಚಯವಾಗಬೇಕು. ಈ ಕಾರಿನಲ್ಲಿರುವುದು ಅಮೆರಿಕದ ಇಂಜಿನಿಯರಾದ ಅರ್ಲ್ ಮ್ಯಾಕ್‌ಫರ್ಸನ್ ಅವರ ಹೆಸರಿನ ಏರ್ಪಾಡು. ೧೯೫೦ರಲ್ಲಿ ಇಂಗ್ಲೆಂಡಿನಲ್ಲಿ ಪ್ರದರ್ಶಿಸಿದ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳಿಂದ ಅದು ಬಳಕೆಗೆ ಬಂದಿತು. ಇದರಲ್ಲಿ ಗಾಲಿಯ ಒಳಪಕ್ಕದಲ್ಲಿ ಸ್ಪ್ರಿಂಗನ್ನು ಹೊತ್ತ ಒಂದು ಕಂಬ ನಿಂತಿರುತ್ತದೆ. ಇದೇ ಸ್ಟ್ರಟ್. ಅದರ ತಲೆ ಕಾರಿನ ಮೈಗೆ ಸೇರಿದೆ. ಅದರ ಬುಡವನ್ನು ಅಡ್ಡಲಾದ ಒಂದು ತೋಳು ಹಿಡಿದಿದೆ. ಇದನ್ನು ಕೆಳತೋಳು ಎನ್ನೋಣ. ಕೆಳತೋಳಿನ ಒಳತುದಿ ಕಾರಿನ ಮುಂಭಾಗದ ಅಡ್ಡತೊಲೆಯಲ್ಲಿ ಬಾಗಿಲಿನ ತಿರುಗಣೆಯಂತೆ ಕೂತಿದೆ. ಹೊರತುದಿಯಲ್ಲಿ ಬಾಲ್ ಜಾಯಿಂಟು ಎಂಬ ಗುಂಡಿನ ಕೀಲು ಇದೆ. ಈ ಕೆಳತೋಳಿನ ನೆರೆಯಲ್ಲಿಯೇ, ಹೆಚ್ಚುಕಡಮೆ ಅದರ ಎತ್ತರದಲ್ಲಿಯೇ, ಇನ್ನೊಂದು ಸಣ್ಣ ಸಲಾಕೆ ಹೋಗುತ್ತದೆ. ಅದು ಟೈ ರಾಡು. ಅದರ ಒಳತುದಿ ಸ್ಟಿಯರಿಂಗಿನ ರ್‍ಯಾಕಿಗೆ, ಎಂದರೆ ಹಲ್ಲಿರುವ ಅಡ್ಡಪಟ್ಟಿಗೆ, ಸೇರಿದೆ. ಹೊರತುದಿ ಗಾಲಿಯ ಸ್ಟಿಯರಿಂಗ್ ತೋಳಿಗೆ ಸೇರಿದೆ. ಚಾಲಕನ ಕೈಯ ಅಪ್ಪಣೆಯನ್ನು ಗಾಲಿಗೆ ಮುಟ್ಟಿಸುವ ದೂತನೆಂದರೆ ಈ ಟೈ ರಾಡೇ.

ಈಗ ನಮ್ಮ ಹಳ್ಳಿಯ ಬಾವಿಯ ಏತವನ್ನು ಮನಸ್ಸಿಗೆ ತಂದುಕೊಳ್ಳಿ. ಏತದ ಮರ ಅಡ್ಡಡ್ಡವಾಗಿ ನೆಲಕ್ಕೆ ಸಮನಾಗಿರುವಾಗ ಅದರ ತುದಿಯನ್ನು ಸ್ವಲ್ಪ ಎತ್ತಿದರೆ ತುದಿ ಬಹುಮಟ್ಟಿಗೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಮರ ಮೊದಲೇ ಓರೆಯಾಗಿ ತುದಿ ಮೇಲಿದ್ದರೆ, ಅದನ್ನು ಮತ್ತಷ್ಟು ಎತ್ತಿದಾಗ ತುದಿ ಮೇಲಕ್ಕೂ ಹೋಗುತ್ತದೆ, ಕಂಬದ ಕಡೆಗೂ ಸರಿಯುತ್ತದೆ. ಓರೆ ಹೆಚ್ಚಿದಷ್ಟೂ ಒಳಸೆಳೆತ ಹೆಚ್ಚು. ಒಂದು ತುದಿ ಕೀಲಿನಲ್ಲಿ ನಿಂತು ಇನ್ನೊಂದು ತುದಿ ಆಡುವ ಯಾವ ತೋಳಿಗೂ ಇದೇ ನಿಯಮ; ಕೈವಾರದ ಮೊನೆಯಂತೆ ಅದು ಕಂಸದಲ್ಲಿಯೇ ನಡೆಯಬೇಕು. ಗಾಲಿ ಉಬ್ಬಿನ ಮೇಲೆ ಏರಿದಾಗ ಕೆಳತೋಳಿನ ಹೊರತುದಿ ಒಂದು ಕಂಸವನ್ನು ಬರೆಯುತ್ತದೆ, ಟೈ ರಾಡಿನ ಹೊರತುದಿ ಮತ್ತೊಂದನ್ನು ಬರೆಯುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಒಳಕ್ಕೆ ಸರಿದರೆ ಗಾಲಿಯ ಮುಖ ಮೊದಲಿದ್ದ ದಿಕ್ಕಿಗೇ ಇರುತ್ತದೆ. ಟೈ ರಾಡು ಹೆಚ್ಚಾಗಿ ಸರಿದರೆ ಅದು ಸ್ಟಿಯರಿಂಗ್ ತೋಳನ್ನು ಒಳಕ್ಕೆ ಎಳೆಯುತ್ತದೆ. ಕಡಮೆ ಸರಿದರೆ ಹೊರಕ್ಕೆ ತಳ್ಳುತ್ತದೆ. ಚಾಲಕನು ಕೊಡದ ಅಪ್ಪಣೆಯನ್ನು ದೂತನು ತಾನೇ ಕಲ್ಪಿಸಿ ಹೇಳಿದಂತಾಯಿತು.

ಮನೆಯ ತೂಗುಮಣೆಯಿಂದಲೂ ಇದನ್ನು ತಿಳಿಯಬಹುದು. ನಾಲ್ಕು ಸರಪಣಿಗಳೂ ಸಮವಾಗಿ, ಒಂದಕ್ಕೊಂದು ಸಮಾಂತರವಾಗಿ ಇದ್ದರೆ ಮಣೆ ಎಷ್ಟು ತೂಗಿದರೂ ಅದರ ಮೈ ವಾಲುವುದಿಲ್ಲ. ಮುಂದಿನ ಸರಪಣಿಗಳು ಗಿಡ್ಡವಾದರೆ, ಅಥವಾ ಬೇರೆ ಓರೆಯಲ್ಲಿ ಇಳಿಬಿದ್ದರೆ, ಮಣೆ ತೂಗಿದಂತೆಲ್ಲ ವಾಲುತ್ತದೆ. ಕೆಳತೋಳು ಮತ್ತು ಟೈ ರಾಡುಗಳ ಸಂಬಂಧವೂ ಹೀಗೆಯೇ. ಅವುಗಳಲ್ಲಿ ಸಾಮರಸ್ಯವಿರಬೇಕಾದರೆ ಎರಡು ಗುಣಗಳು ಕೂಡಿಬರಬೇಕು: ಒಂದು, ಉದ್ದದ ಹೊಂದಿಕೆ, ಇನ್ನೊಂದು, ಓರೆಯ ಹೊಂದಿಕೆ. ಟೈ ರಾಡು ಕೆಳತೋಳಿಗಿಂತ ಬಹಳ ಎತ್ತರದಲ್ಲಿರುವ ಕಾರುಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಎರಡರ ರೇಖೆಗಳೂ ಮುಂದುವರಿದು ಗಾಲಿಯ ಚಲನೆಯ ಕೇಂದ್ರದಲ್ಲಿ ಸೇರಬೇಕು. ಅವು ನೆರೆಹೊರೆಯಲ್ಲಿರುವ ನಮ್ಮ ಕಾರಿನಂಥದಕ್ಕೆ ಸಮಾಂತರವೆಂಬ ಮಾತೇ ಸಾಕು.

ಈ ಎರಡು ಗುಣಗಳಲ್ಲಿ ಯಾವುದು ಕೆಟ್ಟರೆ ಎಷ್ಟು ಹಾನಿ? ಲೆಕ್ಕದಿಂದಲೇ ನೋಡೋಣ. ಇಲ್ಲಿನ ಅಳತೆಗಳು ಲೆಕ್ಕದ ಅನುಕೂಲಕ್ಕಾಗಿ ಆರಿಸಿಕೊಂಡವು. ಯಾವುದೊಂದು ಕಾರಿನವೂ ಅಲ್ಲ. ಕೆಳತೋಳು ೩೦೦ ಮಿಲಿಮೀಟರ್, ಟೈ ರಾಡು ೨೭೦ ಮಿಲಿಮೀಟರ್ ಉದ್ದ ಇರಲಿ. ಎರಡೂ ನೆಲಕ್ಕೆ ಸಮನಾಗಿರಲಿ. ಗಾಲಿ ೨೫ ಮಿಲಿಮೀಟರ್ ಮೇಲಕ್ಕೆ ಏರಿದರೆ ಕೆಳತೋಳಿನ ತುದಿ ೧.೦೪ ಮಿಲಿಮೀಟರ್ ಒಳಕ್ಕೆ ಬರುತ್ತದೆ, ಟೈ ರಾಡಿನ ತುದಿ ೧.೧೬. ವ್ಯತ್ಯಾಸ ೦.೧೨; ಇದು ಬಹು ಸ್ವಲ್ಪ. ಈಗ ಕಾರಿನ ಮೈಯನ್ನು ೨೫ ಮಿಲಿಮೀಟರ್ ತಗ್ಗಿಸಿದೆವೆನ್ನಿ. ಮೈ ಇಳಿದಾಗ ತೋಳುಗಳ ಒಳತುದಿಗಳೂ ಇಳಿದುವು. ಹೊರತುದಿಗಳು ಗಾಲಿಯೊಡನೆ ಇದ್ದಲ್ಲೇ ಉಳಿದುವು. ಆದುದರಿಂದ ಎರಡು ತೋಳುಗಳೂ ಈಗ ಓರೆಯಾಗಿ, ಹೊರತುದಿ ಮೇಲಾಗಿ ನಿಂತಿವೆ. ಈ ಸ್ಥಿತಿಯಿಂದ ಗಾಲಿ ಮತ್ತೆ ೨೫ ಮಿಲಿಮೀಟರ್ ಏರಿದರೆ ಕೆಳತೋಳು ೩.೧೫ ಮಿಲಿಮೀಟರ್, ಟೈ ರಾಡು ೩.೫೧ ಮಿಲಿಮೀಟರ್ ಒಳಕ್ಕೆ ಬರುತ್ತವೆ. ವ್ಯತ್ಯಾಸ ೦.೩೬, ಮೊದಲಿನ ಮೂರರಷ್ಟು. ಉಬ್ಬು ಅದೇ, ಅಂಗಗಳು ಅವೇ. ತಗ್ಗಿಸಿದ ಮಾತ್ರಕ್ಕೆ ದೋಷ ಮೂರು ಪಟ್ಟಾಯಿತು. ಕಾರ್ಖಾನೆಯವರು ತಾವು ಗೊತ್ತುಮಾಡಿದ ಎತ್ತರದ ಆಸುಪಾಸಿನಲ್ಲಿ ಎರಡು ಕಂಸಗಳನ್ನು ಹೊಂದಿಸಿರುತ್ತಾರೆ. ಆ ನೆಲೆಯಿಂದ ನಾವು ಆಚೆಗೆ ಸರಿದರೆ ಹೊಂದಿಕೆಯೂ ಸರಿಯುತ್ತದೆ.

ಇನ್ನು ಓರೆಯ ದೋಷ. ತೋಳುಗಳೆರಡೂ ೩೦೦ ಮಿಲಿಮೀಟರೇ ಇರಲಿ. ಹೊರತುದಿಗಳು ಒಂದೇ ಎತ್ತರದಲ್ಲಿರಲಿ. ಆದರೆ ಟೈ ರಾಡಿನ ಒಳತುದಿ ಮಾತ್ರ ಕೆಳತೋಳಿನ ಒಳತುದಿಗಿಂತ ೧೦ ಮಿಲಿಮೀಟರ್ ಕೆಳಗಿರಲಿ. ಆಗ ಗಾಲಿ ೨೫ ಮಿಲಿಮೀಟರ್ ಏರಿದರೆ ವ್ಯತ್ಯಾಸ ಸುಮಾರು ೦.೮ ಮಿಲಿಮೀಟರ್. ಕಾರನ್ನು ತಗ್ಗಿಸಿದರೂ ತಗ್ಗಿಸದಿದ್ದರೂ ಈ ಮೊತ್ತ ಹೆಚ್ಚುಕಡಮೆ ಅಷ್ಟೇ. ಸ್ಟಿಯರಿಂಗ್ ತೋಳಿನ ಉದ್ದ ೧೨೫ ಮಿಲಿಮೀಟರ್ ಎಂದಿಟ್ಟುಕೊಂಡರೆ, ಹದಿನಾಲ್ಕು ಅಂಗುಲದ ಗಾಲಿಯ ಅಂಚಿನಲ್ಲಿ ಇದು ಎರಡು ಮಿಲಿಮೀಟರಿಗೂ ಮೇಲಾಗಿ ಕಾಣಿಸಿಕೊಳ್ಳುತ್ತದೆ. ಮುಂದಿನ ಗಾಲಿಗಳ ಮುಖಗಳನ್ನು ಒಳಕ್ಕೋ ಹೊರಕ್ಕೋ ಒಂದಿಷ್ಟು ತಿರುಗಿಸಿಡುವ ‘ಟೋ’ ಎಂಬ ಹೊಂದಿಕೆಯೇ ಕೆಲವು ಮಿಲಿಮೀಟರುಗಳದು. ಒಂದು ಉಬ್ಬು ಅದನ್ನು ಬಹುಪಾಲು ಅಳಿಸಿಬಿಡುತ್ತದೆ. ನೆಟ್ಟಗಿನ ರಸ್ತೆಯಲ್ಲಿ ಇದು ಬರಿಯ ಕಿರಿಕಿರಿ. ವೇಗವಾಗಿ ತಿರುವಿನಲ್ಲಿ ಹೋಗುತ್ತಿರುವಾಗ ಹೊರಗಾಲಿಯ ಮೇಲೆ ಭಾರವೆಲ್ಲ ಬಿದ್ದಿರುತ್ತದೆ. ಆಗ ರಸ್ತೆಯ ಉಬ್ಬೊಂದು ಆ ಗಾಲಿಯನ್ನು ತಿರುಗಿಸಿದರೆ ಚಾಲಕನು ಬಯಸಿದ ದಾರಿ ಒಂದು, ಬಂಡಿ ಹಿಡಿದ ದಾರಿ ಇನ್ನೊಂದು. ಎದುರಿನಿಂದ ಬರುವವನಿಗೂ ಇದರ ಫಲ ತಟ್ಟಬಹುದು. ಆದಕಾರಣ ಇದು ಹವ್ಯಾಸದ ಸೂಕ್ಷ್ಮವೆಂದು ತಳ್ಳಿಬಿಡತಕ್ಕ ವಿಷಯವಲ್ಲ.

ಈ ಎರಡು ದೋಷಗಳನ್ನು ನಾನು ಬೇರೆಬೇರೆಯಾಗಿ ವಿವರಿಸಿದ್ದಕ್ಕೆ ಕಾರಣವುಂಟು. ೨೪೦-ಜೆಡ್ ಕಾರಿಗೆ ‘ಬಂಪ್ ಸ್ಟಿಯರ್ ಸ್ಪೇಸರು’ ಎಂಬ ಹೆಸರಿನಲ್ಲಿ ಲೋಹದ ದಪ್ಪ ಬಿಲ್ಲೆಗಳು ಮಾರಾಟವಾಗುತ್ತವೆ. ದಪ್ಪ ಸುಮಾರು ಒಂದು ಅಂಗುಲ. ಈ ಕಾರಿನಲ್ಲಿ ಸ್ಟಿಯರಿಂಗ್ ತೋಳು ಸ್ಟ್ರಟ್ಟಿನ ಬುಡಕ್ಕೆ ಬೋಲ್ಟುಗಳಿಂದ ಬಿಗಿಯಲ್ಪಟ್ಟಿದೆ. ಬಾಲ್ ಜಾಯಿಂಟು, ಟೈ ರಾಡಿನ ಹೊರತುದಿ ಎರಡೂ ಆ ತೋಳಿಗೇ ಸೇರಿವೆ. ಬಿಲ್ಲೆಯನ್ನು ಸ್ಟ್ರಟ್ಟಿಗೂ ತೋಳಿಗೂ ನಡುವೆ ಇಟ್ಟು ಉದ್ದವಾದ ಬೋಲ್ಟುಗಳಿಂದ ಬಿಗಿದರೆ ಎರಡು ಹೊರತುದಿಗಳೂ ಒಟ್ಟಿಗೆ ಅಷ್ಟು ಕೆಳಕ್ಕೆ ಇಳಿಯುತ್ತವೆ. ಮೈ ಇಳಿದಷ್ಟೇ ತುದಿಗಳೂ ಇಳಿದುವು. ತೋಳುಗಳು ಮೊದಲಿನ ಓರೆಗೆ ಮರಳಿದುವು. ಇದರಿಂದ ಎರಡು ಲಾಭಗಳಿವೆ. ನಮ್ಮ ಲೆಕ್ಕದ ೦.೩೬ ಮತ್ತೆ ೦.೧೨ಕ್ಕೆ ಇಳಿಯುತ್ತದೆ. ಜೊತೆಗೆ, ತಿರುವಿನಲ್ಲಿ ಕಾರಿನ ಮೈ ಯಾವ ಬಿಂದುವಿನ ಸುತ್ತ ಹೊರಳುವುದೋ ಆ ಹೊರಳು ಕೇಂದ್ರ, ತಗ್ಗಿಸಿದಾಗ ವಿಪರೀತವಾಗಿ ಕುಸಿದಿದ್ದದ್ದು, ಮೇಲಕ್ಕೆ ಬರುತ್ತದೆ. ಬಿಲ್ಲೆಯ ಮುಖ್ಯ ಉಪಕಾರ ಈ ಎರಡನೆಯದೇ.

ಆದರೆ ಓರೆಯ ದೋಷವನ್ನು ಈ ಬಿಲ್ಲೆ ಮುಟ್ಟುವುದೇ ಇಲ್ಲ. ಎರಡು ತುದಿಗಳನ್ನೂ ಒಟ್ಟಿಗೆ ಇಳಿಸಿದ ಮೇಲೆ ಅವುಗಳ ನಡುವಣ ಸಂಬಂಧ ಮೊದಲು ಎಷ್ಟು ಕೆಟ್ಟಿತ್ತೋ ಈಗಲೂ ಅಷ್ಟೇ ಕೆಟ್ಟಿರುತ್ತದೆ. ೦.೮ ಮಿಲಿಮೀಟರ್ ೦.೮ ಆಗಿಯೇ ಉಳಿಯುತ್ತದೆ. ಹೆಸರನ್ನು ನಂಬಿ ಬಿಲ್ಲೆ ಹಾಕಿಸಿದವನು, ದೋಷ ಹೋಯಿತೆಂದು ತಿಳಿದು ಮೊದಲಿಗಿಂತ ವೇಗವಾಗಿ ನಡೆಯಿಸುತ್ತಾನೆ. ಔಷಧಿಯ ಸೀಸೆಯ ಮೇಲೆ ರೋಗದ ಹೆಸರು ಬರೆದಿದ್ದ ಮಾತ್ರಕ್ಕೆ ನಮ್ಮ ರೋಗ ಅದೇ ಎಂದಾಗಲಿಲ್ಲ. ನಾಡಿಯನ್ನು ಹಿಡಿದು ನೋಡಬೇಕು.

ಮೋಟಾರಿನ ನಾಡಿಪರೀಕ್ಷೆ ಹೀಗೆ. ಮೊದಲು ಚಾಲಕನ ತೂಕವನ್ನು ಆಸನದಲ್ಲಿಟ್ಟು, ಕಾರು ತನ್ನ ಹೊಸ ಎತ್ತರದಲ್ಲಿ ನಿಂತಿರುವಾಗ, ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಷ್ಟು ದೂರವೆಂದು ಅಳೆದು ಬರೆದುಕೊಳ್ಳಬೇಕು. ಆಮೇಲೆ ಕಾರಿನ ಮೈಯನ್ನು ಭದ್ರವಾದ ಆನಿಕೆಗಳ ಮೇಲೆ ನಿಲ್ಲಿಸಿ, ಸ್ಟ್ರಟ್ಟಿನಿಂದ ಸ್ಪ್ರಿಂಗನ್ನು ತೆಗೆದು, ಸ್ಟ್ರಟ್ಟನ್ನು ಬರಿದಾಗಿ ಮತ್ತೆ ಕೂಡಿಸಬೇಕು. ಅಮುಕಿ ಬಿಗಿದ ಸ್ಪ್ರಿಂಗು ಜಾರಿದರೆ ಆಳನ್ನು ಕೊಲ್ಲಬಲ್ಲುದು. ಆದುದರಿಂದ ತಕ್ಕ ಉಪಕರಣವಿಲ್ಲದೆ ಅದನ್ನು ಮುಟ್ಟಕೂಡದು. ಸ್ಟಿಯರಿಂಗನ್ನು ನಡುವೆ ನಿಲ್ಲಿಸಿ ಅಲುಗದಂತೆ ಕಟ್ಟಬೇಕು. ಗಾಲಿಯ ಬದಲು ಅದರ ಗುಂಬಕ್ಕೆ ಒಂದು ಚಪ್ಪಟೆಯಾದ ಹಲಗೆಯನ್ನು ಬಿಗಿದು, ನೆಲದ ಮೇಲೆ ನಿಲ್ಲಿಸಿದ ಎರಡು ಡಯಲ್ ಗೇಜುಗಳ ಮೊನೆಗಳನ್ನು ಹಲಗೆಯ ಮುಂಭಾಗಕ್ಕೂ ಹಿಂಭಾಗಕ್ಕೂ ತಾಗಿಸಬೇಕು. ಬಳಿಕ ಜಾಕಿಯಿಂದ ಗುಂಬವನ್ನು ಹತ್ತು ಹತ್ತು ಮಿಲಿಮೀಟರಿನಂತೆ, ಬರೆದುಕೊಂಡ ನೆಲೆಯಿಂದ ಐವತ್ತು ಮೇಲಕ್ಕೂ ಐವತ್ತು ಕೆಳಕ್ಕೂ ಒಯ್ಯುತ್ತ, ಪ್ರತಿಯೊಂದು ಮೆಟ್ಟಿಲಲ್ಲಿಯೂ ಎರಡು ಗೇಜುಗಳ ವ್ಯತ್ಯಾಸವನ್ನು ಬರೆದುಕೊಳ್ಳಬೇಕು. ಚೌಕುಳಿ ಕಾಗದದ ಮೇಲೆ ಎತ್ತರವನ್ನು ಮೇಲುಮುಖವಾಗಿಯೂ ತಿರುವನ್ನು ಅಡ್ಡಲಾಗಿಯೂ ಗುರುತಿಸಿ ಚುಕ್ಕಿಗಳನ್ನು ಸೇರಿಸಿದರೆ ರೋಗದ ಚಿತ್ರ ಕಣ್ಣೆದುರಿಗೆ ಬರುತ್ತದೆ.

ಈ ರೇಖೆಯನ್ನು ಓದುವುದು ಕಷ್ಟವಲ್ಲ. ಅದು ಕಂಬದಂತೆ ನೆಟ್ಟಗೆ ನಿಂತಿದ್ದರೆ ದೋಷವಿಲ್ಲ. ನೇರವಾಗಿಯೇ ಇದ್ದು ಒಂದು ಕಡೆಗೆ ವಾಲಿದ್ದರೆ ಓರೆಯ ದೋಷ. ಗಾಲಿ ಏರಿದಾಗ ಒಂದು ಕಡೆಗೂ ಇಳಿದಾಗ ಇನ್ನೊಂದು ಕಡೆಗೂ ತಿರುಗುತ್ತಿದೆ. ಬಿಲ್ಲಿನಂತೆ ಬಾಗಿದ್ದು, ಏರಿದರೂ ಇಳಿದರೂ ಗಾಲಿ ಒಂದೇ ಕಡೆಗೆ ತಿರುಗುತ್ತಿದ್ದರೆ ಉದ್ದದ ದೋಷ. ಎರಡೂ ಬೆರೆತಿರುವುದೂ ಉಂಟು. ಆಗ ಮೊದಲು ವಾಲಿಕೆಯನ್ನು ತಿದ್ದಬೇಕು.

ವಾಲಿಕೆಯನ್ನು ತಿದ್ದುವ ಸೂತ್ರ ಒಂದೇ: ಟೈ ರಾಡಿನ ಒಂದು ತುದಿಯ ಎತ್ತರವನ್ನು ಮಾತ್ರ ಬದಲಾಯಿಸುವುದು. ಗಾಲಿ ಏರಿದಾಗ ಟೈ ರಾಡು ಹೆಚ್ಚಾಗಿ ಒಳಸೆಳೆಯುತ್ತಿದ್ದರೆ ಅದರ ಓರೆ ಕೆಳತೋಳಿನದಕ್ಕಿಂತ ಹೆಚ್ಚೆಂದು ಅರ್ಥ. ಹೊರತುದಿಯನ್ನು ತಗ್ಗಿಸಬೇಕು, ಇಲ್ಲವೆ ರ್‍ಯಾಕನ್ನು ಎತ್ತರಿಸಬೇಕು. ಕಡಮೆ ಸೆಳೆಯುತ್ತಿದ್ದರೆ ಇದಕ್ಕೆ ವಿರುದ್ಧ. ರ್‍ಯಾಕಿನ ಅಡಿಯಲ್ಲಿ ತೆಳ್ಳನೆಯ ತಗಡುಗಳನ್ನು ಇಟ್ಟು ಒಂದೊಂದೇ ಮಿಲಿಮೀಟರಿನಂತೆ ಏರಿಸಿ ಪ್ರತಿಸಲವೂ ಹೊಸದಾಗಿ ರೇಖೆ ಎಳೆಯುವುದು ಸಾವಧಾನದ ದಾರಿ. ಎರಡು ಪಕ್ಕಗಳ ರೇಖೆಗಳೂ ಒಂದೇ ತೆರನಾಗುವಂತೆ ನೋಡಿಕೊಳ್ಳಬೇಕು. ಪಂದ್ಯದ ಕಾರುಗಳಲ್ಲಿ ಹೊರತುದಿಯ ಕೀಲನ್ನು ತೆಗೆದು, ಉದ್ದನೆಯ ಬೋಲ್ಟಿಗೆ ಸಣ್ಣ ಬಳೆಗಳನ್ನು ಏರಿಸಿ ಬೇಕಾದ ಎತ್ತರಕ್ಕೆ ಕೂಡಿಸುವುದುಂಟು. ಇದು ಸುಲಭ, ಆದರೆ ಸ್ಟಿಯರಿಂಗಿನ ಬಲವೆಲ್ಲ ಒಂದು ಬೋಲ್ಟಿನ ಬಾಗುವಿಕೆಯ ಮೇಲೆ ಬೀಳುವುದರಿಂದ ಅದನ್ನು ಪದೇ ಪದೇ ಪರೀಕ್ಷಿಸುತ್ತಿರಬೇಕು. ಕೆಲವರು ಅಡ್ಡತೊಲೆಯಲ್ಲಿ ಹೊಸ ರಂಧ್ರ ಕೊರೆದು ಕೆಳತೋಳಿನ ಒಳತುದಿಯನ್ನೇ ಮೇಲಕ್ಕೆ ಒಯ್ಯುತ್ತಾರೆ. ಹೊರಳು ಕೇಂದ್ರಕ್ಕೆ ಇದು ಒಳ್ಳೆಯದೇ. ಆದರೆ ರ್‍ಯಾಕನ್ನು ಇದ್ದಲ್ಲೇ ಬಿಟ್ಟರೆ ನಾವು ಲೆಕ್ಕದಲ್ಲಿ ಕಂಡ ಹತ್ತು ಮಿಲಿಮೀಟರಿನ ದೋಷವನ್ನು ಕೈಯಾರೆ ಮಾಡಿಕೊಂಡಂತಾಗುತ್ತದೆ.

ಬಾಗು ಸ್ವಲ್ಪವೇ ಆಗಿದ್ದು, ನೆಲೆಯಿಂದ ಮೇಲೆ ಕೆಳಗೆ ಇಪ್ಪತ್ತೈದು ಮಿಲಿಮೀಟರಿನೊಳಗೆ ರೇಖೆ ನೆಟ್ಟಗಿದ್ದರೆ, ರಸ್ತೆಯ ಕಾರಿಗೆ ಅಷ್ಟು ಸಾಕು. ಟೈ ರಾಡಿನ ಮರೆಯನ್ನು ತಿರುಗಿಸಿ ಅದನ್ನು ಉದ್ದಮಾಡಿದರೆ ಬಾಗು ಹೋಗುವುದೆಂದು ಕೆಲವರು ಭಾವಿಸುತ್ತಾರೆ. ಆ ಮರೆಯಿಂದ ಬದಲಾಗುವುದು ನಿಂತ ಗಾಲಿಯ ಮುಖ ಮಾತ್ರ; ಗಾಲಿ ಆಡುವಾಗಿನ ದೋಷಕ್ಕೆ ಅದು ಮದ್ದಲ್ಲ.

ಇಷ್ಟಕ್ಕೆಲ್ಲ ಮುಂಚೆ ಮತ್ತೆರಡು ವಿಷಯಗಳನ್ನು ಇತ್ಯರ್ಥಮಾಡಿಕೊಳ್ಳಬೇಕು. ಮೊದಲನೆಯದು ಸವೆತ. ಐವತ್ತು ವರ್ಷ ದಾಟಿದ ಕಾರಿನಲ್ಲಿ ರ್‍ಯಾಕನ್ನು ಹಿಡಿದ ರಬ್ಬರು ಮೆತ್ತಗಾಗಿರಬಹುದು, ಕೀಲುಗಳು ಸಡಿಲಾಗಿರಬಹುದು. ಸಡಿಲವಾದ ಕೀಲೂ ಉಬ್ಬಿನ ಮೇಲೆ ಬಂಡಿಯನ್ನು ಅಲೆದಾಡಿಸುತ್ತದೆ. ಅದನ್ನು ರೇಖಾಗಣಿತದ ದೋಷವೆಂದು ತಪ್ಪಾಗಿ ತಿಳಿಯುವುದುಂಟು. ಎರಡನೆಯದು ಕ್ರಮ. ಮೊದಲು ಎತ್ತರ, ಆಮೇಲೆ ಗಾಲಿಯ ವಾಲು ಮತ್ತು ಸ್ಟ್ರಟ್ಟು ಹಿಂದಕ್ಕೆ ಒರಗಿರುವ ಕೋನ, ಆಮೇಲೆ ಉಬ್ಬಿನ ತಿರುವು, ಕಟ್ಟಕಡೆಗೆ ಟೋ. ಸ್ಟ್ರಟ್ಟಿನ ಒರಗುವಿಕೆಯನ್ನು ಬದಲಾಯಿಸಿದರೆ ಸ್ಟಿಯರಿಂಗ್ ತೋಳಿನ ತುದಿ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ; ಕ್ರಮ ತಪ್ಪಿ ಮಾಡಿದವನು ಅಳೆದದ್ದನ್ನೇ ಮತ್ತೆ ಅಳೆಯಬೇಕಾಗುವುದು. ಬಿಲ್ಲೆ ಹಾಕಿದ ಮೇಲೆ ಕೆಳಗಿಳಿದ ತೋಳಿಗೂ ಗಾಲಿಯ ಒಳ ಅಂಚಿಗೂ ನಡುವೆ ಜಾಗವಿದೆಯೇ ಎಂಬುದನ್ನೂ, ಗಾಲಿ ಪೂರ್ತಿ ತಿರುಗಿದಾಗ ಏನಾದರೂ ಉಜ್ಜುವುದೇ ಎಂಬುದನ್ನೂ ನೋಡತಕ್ಕದ್ದು. ತೋಳನ್ನು ಕಾಯಿಸಿ ಬಗ್ಗಿಸಿ ಹೊಂದಿಸುವ ಸಾಹಸವನ್ನಂತೂ ಮಾಡಲೇಕೂಡದು. ಹದ ಕಳೆದುಕೊಂಡ ಉಕ್ಕು ಮುನ್ಸೂಚನೆ ಕೊಡದೆ ಮುರಿಯಬಹುದು.

ಹಳೆಯ ಯಂತ್ರವೆಂದರೆ ಅನೇಕ ಜನರ ಯೋಚನೆ ಒಂದರೊಳಗೊಂದು ಹೆಣೆದು ನಿಂತ ಬಟ್ಟೆ. ಅದರಲ್ಲಿ ಒಂದು ಎಳೆಯನ್ನು ಎಳೆದರೆ ಮತ್ತಾವುದೋ ಮೂಲೆಯಲ್ಲಿ ನೆರಿಗೆ ಬೀಳುತ್ತದೆ. ಸ್ಪ್ರಿಂಗನ್ನು ಗಿಡ್ಡಮಾಡುವುದು ಒಂದು ಮಧ್ಯಾಹ್ನದ ಕೆಲಸ; ಅದರ ಪರಿಣಾಮವನ್ನು ಅಳೆದು ತಿದ್ದುವುದಕ್ಕೆ ಹಲವು ದಿನಗಳ ತಾಳ್ಮೆ ಬೇಕು. ಆ ತಾಳ್ಮೆ ಇದ್ದವರು ಧಾರಾಳವಾಗಿ ತಗ್ಗಿಸಲಿ. ತೆಗೆದ ಮೂಲ ಅಂಗಗಳನ್ನು ಎಣ್ಣೆ ಸವರಿ ಜೋಪಾನವಾಗಿ ಇಟ್ಟಿರಲಿ, ಮುಂದೆ ಬರುವವರಿಗೆ ಬೇಕಾದೀತು. ಅದಿಲ್ಲದವರು ಕಾರ್ಖಾನೆಯವರು ಕೊಟ್ಟ ಎತ್ತರದಲ್ಲಿಯೇ ಕಾರನ್ನು ಇಟ್ಟುಕೊಳ್ಳುವುದು ಕ್ಷೇಮ. ಆ ಎತ್ತರದಲ್ಲಿ ಅಂದ ಒಂದು ಅಂಗುಲ ಕಡಮೆಯೆನಿಸಿದರೂ, ಚಾಲಕನಿಗೂ ಬಂಡಿಗೂ ಆದ ಒಪ್ಪಂದ ಉಬ್ಬಿನ ಮೇಲೆಯೂ ಮುರಿಯದೆ ನಿಂತಿರುತ್ತದೆ.